ಮೂವತ್ತು ದಾಟಿದ ರಿಸೀವರ್‌ಗೆ ಎಷ್ಟು ಕೊಡಬಹುದು?

2023ರ ಮಾರ್ಚ್‌ನಿಂದ ಜುಲೈವರೆಗೆ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಮೂವರು ಹೆಸರಾಂತ ಆಟಗಾರರು ಒಬ್ಬರ ಹಿಂದೆ ಒಬ್ಬರು ಹೊಸ ತಂಡ ಸೇರಿದರು. ಆಡಮ್ ಥೀಲೆನ್, ಓಡೆಲ್ ಬೆಕಮ್ ಜೂನಿಯರ್, ಡಿಆಂಡ್ರೆ ಹಾಪ್ಕಿನ್ಸ್. ಮೂವರೂ ಮೂವತ್ತು ದಾಟಿದವರು. ಮೂವರೂ ಫ್ರೀ ಏಜೆಂಟ್‌ಗಳು, ಅಂದರೆ ಯಾವ ತಂಡದ ಕರಾರೂ ಇಲ್ಲದವರು. ಮೂವರೂ ರಿಸೀವರ್‌ಗಳು.

ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಡಿಕ್ಕಿ ಹೊಡೆಯುವ ಆಟ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುತ್ತಾನೆ. ರಿಸೀವರ್ ಎದುರಾಳಿಯಿಂದ ತಪ್ಪಿಸಿಕೊಂಡು ಓಡಿ ಅದನ್ನು ಹಿಡಿಯುತ್ತಾನೆ. ಹಿಡಿದು ಎಷ್ಟು ಯಾರ್ಡ್ ಮುಂದೆ ಹೋದ ಅನ್ನೋದೇ ಲೆಕ್ಕ. ಒಂದು ಸೀಸನ್‌ಗೆ 1,000 ಯಾರ್ಡ್ ದಾಟಿದರೆ ಒಳ್ಳೇ ಆಟ ಅಂತ ಮಾತು.

ಬಾಲ್ಟಿಮೋರ್ ರೇವನ್ಸ್ ತಂಡ ಬೆಕಮ್‌ಗೆ ಒಂದೇ ವರ್ಷಕ್ಕೆ 1.5 ಕೋಟಿ ಡಾಲರ್ ಖಾತ್ರಿ ಕೊಟ್ಟಿತು. ಟೆನೆಸ್ಸಿ ಟೈಟನ್ಸ್ ಹಾಪ್ಕಿನ್ಸ್‌ಗೆ ಎರಡು ವರ್ಷಕ್ಕೆ 2.6 ಕೋಟಿ ಡಾಲರ್ ಒಪ್ಪಿತು. ಕ್ಯಾರೊಲೈನಾ ಪ್ಯಾಂಥರ್ಸ್ ಥೀಲೆನ್‌ಗೆ ಮೂರು ವರ್ಷಕ್ಕೆ 2.5 ಕೋಟಿ. ವರ್ಷದ ಲೆಕ್ಕದಲ್ಲಿ ಬೆಕಮ್ ಎಲ್ಲರಿಗಿಂತ ದುಬಾರಿ, ಥೀಲೆನ್ ಎಲ್ಲರಿಗಿಂತ ಅಗ್ಗ. ಸೀಸನ್ ಮುಗಿದಾಗ ಬೆಕಮ್ 35 ಕ್ಯಾಚ್, 565 ಯಾರ್ಡ್. ಹಾಪ್ಕಿನ್ಸ್ 75 ಕ್ಯಾಚ್, 1,057 ಯಾರ್ಡ್. ಥೀಲೆನ್ 103 ಕ್ಯಾಚ್, 1,014 ಯಾರ್ಡ್.

ದುಡ್ಡು ಜಾಸ್ತಿ, ಫಲ ಕಮ್ಮಿ. ದೊಡ್ಡ ಹೆಸರಿಗೆ ಮರುಳಾದ ತಂಡಕ್ಕೆ ಆದ ಶಾಸ್ತಿ ಅಂತ ಯಾರಿಗಾದರೂ ಅನಿಸುತ್ತದೆ. (ಆರ್‌ಸಿಬಿ ಅಭಿಮಾನಿಗಳಿಗೆ ಈ ಅನಿಸಿಕೆ ಹೊಸದೇನಲ್ಲ.) ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಲೆಕ್ಕ ಅಷ್ಟು ಸಲೀಸಲ್ಲ.

ಮೊದಲು ಕಾಲಿನ ವಿಷಯ. ನಮ್ಮ ಸ್ನಾಯುಗಳಲ್ಲಿ ಸ್ಥೂಲವಾಗಿ ಎರಡು ಬಗೆಯ ಎಳೆಗಳಿವೆ. ನಿಧಾನದವು ಗಂಟೆಗಟ್ಟಲೆ ದುಡಿಯುತ್ತವೆ. ವೇಗದವು ಫಟ್ ಅಂತ ಸಿಡಿದು ಬೇಗ ದಣಿಯುತ್ತವೆ. ವಯಸ್ಸಾದಂತೆ ಹೆಚ್ಚು ಸೊರಗುವುದು ಈ ವೇಗದ ಎಳೆಗಳೇ. ಅದಕ್ಕೇ ಮ್ಯಾರಥಾನ್ ಓಟಗಾರರು ಮೂವತ್ತೈದರಲ್ಲೂ ಗೆಲ್ಲುತ್ತಾರೆ, ನೂರು ಮೀಟರ್ ಓಟಗಾರರಲ್ಲಿ ಅದು ಅಪರೂಪ. ಮೂವತ್ತರ ಆಸುಪಾಸಿನಲ್ಲಿ ಆಗುವ ಇಳಿಕೆ ಚಿಕ್ಕದು. ಆದರೆ ರಿಸೀವರ್‌ಗೆ ಚಿಕ್ಕದೂ ದೊಡ್ಡದೇ. ಒಂದು ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 9 ಮೀಟರ್ ಓಡುವವನ ವೇಗ ನೂರಕ್ಕೆ ಎರಡರಷ್ಟು ಇಳಿಯಿತು ಅಂದುಕೊಳ್ಳಿ. ಎರಡೂವರೆ ಸೆಕೆಂಡಿನಲ್ಲಿ ಅವನು 45 ಸೆಂಟಿಮೀಟರ್ ಹಿಂದೆ ಬೀಳುತ್ತಾನೆ. ಬೆನ್ನಟ್ಟುವವನು ಕೈ ಚಾಚಿ ಚೆಂಡನ್ನು ತಟ್ಟಿ ಬೀಳಿಸಲು ಅಷ್ಟು ಸಾಕಲ್ವಾ?

ಬೆಕಮ್‌ಗೆ ವಯಸ್ಸಿನ ಜೊತೆ ಮಂಡಿಯ ತೊಂದರೆಯೂ ಇತ್ತು. 2020ರ ಅಕ್ಟೋಬರ್‌ನಲ್ಲಿ ಎಡ ಮಂಡಿಯ ಎಸಿಎಲ್ ಹರಿಯಿತು. 2022ರ ಫೆಬ್ರವರಿಯಲ್ಲಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ನಡೆಯುತ್ತಿರುವಾಗಲೇ, ಅದೇ ಮಂಡಿ ಮತ್ತೆ ಕೈಕೊಟ್ಟಿತು. ಎಸಿಎಲ್ ಅಂದರೆ ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಮಂಡಿಯೊಳಗೆ ಹಿಡಿದಿಡುವ ಕಟ್ಟು. ಓಡುತ್ತಾ ಓಡುತ್ತಾ ತಟ್ಟನೆ ನಿಂತು ಪಕ್ಕಕ್ಕೆ ತಿರುಗುವಾಗ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವುದು ಇದೇ. ಪೂರ್ತಿ ಹರಿದರೆ ತಾನಾಗಿ ಕೂಡಿಕೊಳ್ಳುವುದು ಕಷ್ಟ. ವೈದ್ಯರು ಸಾಮಾನ್ಯವಾಗಿ ಬೇರೆ ಕಡೆಯ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ಕೂರಿಸಿದ ಮೊದಲ ಕೆಲವು ವಾರ ಆ ರಜ್ಜು ಗಟ್ಟಿಯಾಗುವ ಬದಲು ಇನ್ನಷ್ಟು ಬಲ ಕಳೆದುಕೊಳ್ಳುತ್ತದೆ. ಆಮೇಲೆ ರಕ್ತನಾಳಗಳು ಒಳಗೆ ಬೆಳೆದು ಅದು ನಿಧಾನವಾಗಿ ಹೊಸ ಕಟ್ಟಾಗಿ ಬದಲಾಗುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಬೆಕಮ್ 2022ರ ಸೀಸನ್ ಪೂರ್ತಿ ಹೊರಗೆ ಕೂತಿದ್ದು ಇದಕ್ಕೇ.

ಹಾಗಾದರೆ ವಯಸ್ಸಾದವರನ್ನು ಕೈಬಿಡಬೇಕೇ? ಇಲ್ಲಿ ಜೆರ್ರಿ ರೈಸ್ ಹೆಸರು ಬಂದೇ ಬರುತ್ತದೆ. 2002ರಲ್ಲಿ, ನಲವತ್ತು ತುಂಬಿದ ಸೀಸನ್‌ನಲ್ಲಿ, ರೈಸ್ ಓಕ್ಲಂಡ್ ರೈಡರ್ಸ್ ಪರವಾಗಿ 92 ಕ್ಯಾಚ್ ಹಿಡಿದು 1,211 ಯಾರ್ಡ್ ಗಳಿಸಿದರು. ಗಾರೆ ಕೆಲಸದ ಅಪ್ಪನ ಜೊತೆ ಇಟ್ಟಿಗೆ ಹಿಡಿದು ಪಳಗಿದ ಕೈ ಅದು. ಆದರೆ ರೈಸ್‌ರನ್ನು ತೋರಿಸಿ ‘ನಲವತ್ತರಲ್ಲೂ ಆಡಬಹುದು’ ಅನ್ನೋದು, ನೂರು ವರ್ಷ ಬದುಕಿದ ಬೀಡಿ ಸೇದುವ ತಾತನನ್ನು ತೋರಿಸಿ ಬೀಡಿ ಒಳ್ಳೇದು ಅಂದ ಹಾಗೆ. ಮೂವತ್ತೈದು ದಾಟಿದ ರಿಸೀವರ್‌ಗಳ ಸರಾಸರಿ ತೆಗೆದರೆ ಅಂಕಿಗಳು ಚೆನ್ನಾಗೇ ಕಾಣುತ್ತವೆ. ಕಾರಣ ಸರಳ. ಆಡಲು ಆಗದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ, ಪಟ್ಟಿಯಲ್ಲಿ ಉಳಿದವರು ರೈಸ್‌ನಂಥವರು ಮಾತ್ರ. ಅದಕ್ಕೇ ಲೆಕ್ಕ ಬಲ್ಲವರು ಗುಂಪಿನ ಸರಾಸರಿ ನೋಡುವುದಿಲ್ಲ. ಒಬ್ಬನೇ ಆಟಗಾರನ ಈ ವರ್ಷವನ್ನು ಅವನದೇ ಮುಂದಿನ ವರ್ಷದ ಜೊತೆ ಹೋಲಿಸುತ್ತಾರೆ. ಅದರಲ್ಲೂ ಒಂದು ತೂತಿದೆ. ಮುಂದಿನ ವರ್ಷ ಕೆಲಸವೇ ಸಿಗದವನನ್ನು ಯಾವುದರ ಜೊತೆ ಹೋಲಿಸೋದು?

ರೈಸ್‌ಗಿಂತ ಲ್ಯಾರಿ ಫಿಟ್ಜ್‌ಜೆರಾಲ್ಡ್ ಉದಾಹರಣೆ ನನಗೆ ಇಷ್ಟ. ಅರಿಜೋನಾ ಕಾರ್ಡಿನಲ್ಸ್ ತಂಡದಲ್ಲಿ 2015ರಿಂದ 2017ರವರೆಗೆ, ಅಂದರೆ 32ರಿಂದ 34ರ ವಯಸ್ಸಿನಲ್ಲಿ, ಅವರು ಹಿಡಿದ ಕ್ಯಾಚ್‌ಗಳು 109, 107, 109. ಮೈದಾನದ ಅಂಚಿನಲ್ಲಿ ಓಡುತ್ತಿದ್ದ ಅವರನ್ನು ತಂಡ ಒಳಗಿನ ಜಾಗಕ್ಕೆ, ‘ಸ್ಲಾಟ್’ಗೆ, ತಂದಿತ್ತು. ಅಂಚಿನಲ್ಲಿ ಒಂದು ಪಕ್ಕ ಗೆರೆ, ಇನ್ನೊಂದು ಪಕ್ಕ ಎದೆಗೆ ಎದೆ ಕೊಟ್ಟು ನಿಂತ ಎದುರಾಳಿ. ಅಲ್ಲಿ ಕಾಲೇ ಗತಿ. ಸ್ಲಾಟ್‌ನಲ್ಲಿ ಎಡಕ್ಕೂ ಬಲಕ್ಕೂ ಜಾಗ ಇರುತ್ತದೆ. ಎದುರಾಳಿಗಳು ಯಾರು ಯಾವ ಜಾಗ ಕಾಯುತ್ತಿದ್ದಾರೆ ಅಂತ ಓದಿ, ಇಬ್ಬರ ನಡುವಿನ ಸಂದಿಯಲ್ಲಿ ಸುಮ್ನೆ ಹೋಗಿ ನಿಂತರೂ ಚೆಂಡು ಬರುತ್ತದೆ. ಆ ಓದು ವರ್ಷ ಕಳೆದಂತೆ ಮಾಗುತ್ತದೆ. ಥೀಲೆನ್ ಕೂಡ ಪ್ಯಾಂಥರ್ಸ್‌ನಲ್ಲಿ ಹೆಚ್ಚಾಗಿ ಇದೇ ಕೆಲಸ ಮಾಡಿದರು. 103 ಕ್ಯಾಚ್‌ಗೆ 1,014 ಯಾರ್ಡ್ ಅಂದರೆ ಒಂದಕ್ಕೆ ಹತ್ತು ಯಾರ್ಡೂ ಇಲ್ಲ. ದೂರದ ಓಟ ಅದಲ್ಲ.

ಈಗ ಮತ್ತೆ ಆ ಮೂವರ ಲೆಕ್ಕಕ್ಕೆ ಬರೋಣ. ಥೀಲೆನ್ ಮತ್ತು ಹಾಪ್ಕಿನ್ಸ್ ಕಡೆಗೆ ಆ ಸೀಸನ್‌ನಲ್ಲಿ ಎಸೆದ ಚೆಂಡುಗಳು ತಲಾ 137. ಬೆಕಮ್ ಕಡೆಗೆ 64. ಭಾಗಿಸಿ ನೋಡಿ. ಎಸೆದ ಒಂದೊಂದು ಚೆಂಡಿಗೆ ಥೀಲೆನ್ 7.4 ಯಾರ್ಡ್, ಹಾಪ್ಕಿನ್ಸ್ 7.7, ಬೆಕಮ್ 8.8. ಕೊನೆಯಲ್ಲಿದ್ದವನು ಮೊದಲಿಗೆ ಬಂದ!

ಪ್ಯಾಂಥರ್ಸ್ ಆ ವರ್ಷ ಗೆದ್ದದ್ದು 2, ಸೋತದ್ದು 15. ಟೈಟನ್ಸ್ ಗೆದ್ದದ್ದು 6, ಸೋತದ್ದು 11. ಆ ಎರಡೂ ತಂಡಗಳಲ್ಲಿ ಇನ್ನೊಬ್ಬ ಆಟಗಾರ 600 ಯಾರ್ಡ್ ಹಿಡಿದದ್ದಿಲ್ಲ. ಬೇರೆ ಗತಿಯಿಲ್ಲದೆ ಇವರಿಗೇ ಎಸೆದರು, ಇವರ ಅಂಕಿ ಬೆಳೆಯಿತು. ರೇವನ್ಸ್ 13 ಪಂದ್ಯ ಗೆದ್ದ ತಂಡ, ಚೆಂಡು ಹಂಚಿಕೊಳ್ಳಲು ಅಲ್ಲಿ ಕೈಗಳು ಬೇಕಾದಷ್ಟಿದ್ದವು. ಹಾಗಂತ 8.8 ನೋಡಿ ಬೆಕಮ್ ಗೆದ್ದರು ಅನ್ನಲೂ ಬಾರದು. ದೂರದ ಎಸೆತಗಳು ಹೆಚ್ಚಿದ್ದರೆ ಈ ಅಂಕಿ ತಾನಾಗಿ ಏರುತ್ತದೆ. 137 ಎಸೆದಿದ್ದರೂ ಇಷ್ಟೇ ಇರುತ್ತಿತ್ತು ಅನ್ನುವ ಭರವಸೆಯೂ ಇಲ್ಲ.

ನನ್ನ ಪ್ರಕಾರ ರೇವನ್ಸ್ ಎಡವಿದ್ದು ಆಟಗಾರನಲ್ಲಿ ಅಲ್ಲ, ಬೆಲೆಯಲ್ಲಿ. ಎನ್‌ಎಫ್‌ಎಲ್‌ನಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ. 2023ರಲ್ಲಿ ಅದು 22.48 ಕೋಟಿ ಡಾಲರ್. ದುಡ್ಡಿದೆ ಅಂತ ಸುರಿಯುವ ಹಾಗಿಲ್ಲ. ಆ ವರ್ಷದ ಏಪ್ರಿಲ್‌ನಲ್ಲಿ ರೇವನ್ಸ್ ಡ್ರಾಫ್ಟ್‌ನ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಯ, 22ನೇ ಆಯ್ಕೆಯಾಗಿ ಜೇ ಫ್ಲವರ್ಸ್ ಎಂಬ ರಿಸೀವರ್ ಹುಡುಗನನ್ನು ತೆಗೆದುಕೊಂಡಿತು. ಅವನಿಗೆ ನಾಲ್ಕು ವರ್ಷಕ್ಕೆ ಸೇರಿ ಸುಮಾರು 1.4 ಕೋಟಿ ಡಾಲರ್, ಬೆಕಮ್‌ರ ಒಂದು ವರ್ಷಕ್ಕಿಂತ ಕಡಿಮೆ. ಮೊದಲ ಸೀಸನ್‌ನಲ್ಲೇ ಅವನು 77 ಕ್ಯಾಚ್, 858 ಯಾರ್ಡ್ ಹಿಡಿದ.

ಇನ್ನು ಬೆಕಮ್‌ರ ದುಡ್ಡು ಒಂದೇ ವರ್ಷದ ಲೆಕ್ಕಕ್ಕೆ ಬೀಳದಂತೆ ತಂಡ ಒಂದು ಉಪಾಯ ಮಾಡಿತ್ತು. ಆಡದೇ ಇರುವ ಮುಂದಿನ ವರ್ಷಗಳನ್ನು ಕರಾರಿನಲ್ಲಿ ಹೆಸರಿಗೆ ಸೇರಿಸಿ, ಬೋನಸ್ಸನ್ನು ಅವುಗಳ ಮೇಲೆ ಹರಡುವುದು. ದುಡ್ಡು ಇವತ್ತೇ ಆಟಗಾರನ ಕೈಸೇರುತ್ತದೆ, ಲೆಕ್ಕ ಮಾತ್ರ ಕಂತಿನಲ್ಲಿ. ಆಟಗಾರ ಹೊರಟ ದಿನ ಉಳಿದ ಕಂತೆಲ್ಲ ಒಟ್ಟಿಗೆ ಬಂದು ಕೂರುತ್ತದೆ. 2024ರಲ್ಲಿ ಬೆಕಮ್ ಮಯಾಮಿ ಡಾಲ್ಫಿನ್ಸ್ ಸೇರಿ, 9 ಕ್ಯಾಚ್‌ಗೆ 55 ಯಾರ್ಡ್ ಗಳಿಸಿ, ಡಿಸೆಂಬರ್‌ನಲ್ಲಿ ಅಲ್ಲಿಂದಲೂ ಹೊರಬಿದ್ದರು. ಅದೇ ವರ್ಷ ರೇವನ್ಸ್‌ನ ಸಂಬಳದ ಮಿತಿಯಲ್ಲಿ ಅವರ ಹೆಸರಿನಲ್ಲಿ 1 ಕೋಟಿ ಡಾಲರಿಗೂ ಜಾಸ್ತಿ ಕೂತಿತ್ತು. ಫ್ಲವರ್ಸ್ ಆ ಸೀಸನ್‌ನಲ್ಲಿ 1,059 ಯಾರ್ಡ್ ಹಿಡಿದ.