ಗೇಮ್ ಶೋ ಬಹುಮಾನದ ಪ್ರವಾಸ ಯಾವ ರಾಜ್ಯಕ್ಕೆ? ನನ್ನ ಟಿಪ್ಪಣಿ

ಬಾಗಿಲು ಸರಿಯುತ್ತದೆ. ಹಿಂದೆ ತೆಂಗಿನ ಮರ, ನೀಲಿ ಕಡಲಿನ ದೊಡ್ಡ ಚಿತ್ರ. ಪಕ್ಕದಲ್ಲಿ ಸೂಟ್‌ಕೇಸ್ ಹಿಡಿದು ನಿಂತ ಮಾಡೆಲ್. ಅನೌನ್ಸರ್ ದನಿ ಏರಿಸಿ ಹವಾಯಿ ಅನ್ನುತ್ತಿದ್ದಂತೆ ಜನ ಕಿರುಚುತ್ತಾರೆ. 'ದಿ ಪ್ರೈಸ್ ಈಸ್ ರೈಟ್' ನೋಡಿದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಅಮೆರಿಕದ ಟಿವಿ ಚಾನೆಲ್ ಸಿಬಿಎಸ್‌ನಲ್ಲಿ 1972ರ ಸೆಪ್ಟೆಂಬರ್‌ನಿಂದ ಬರುತ್ತಿರುವ, ವಸ್ತುಗಳ ಬೆಲೆ ಊಹಿಸಿ ಗೆಲ್ಲುವ ಶೋ ಅದು.

ಅಮೆರಿಕದಲ್ಲಿ ರಾಜ್ಯಗಳು 50. ಬಹುಮಾನದ ಪ್ರವಾಸ ಅಂದರೆ ಮಾತ್ರ ಹವಾಯಿ, ಫ್ಲಾರಿಡಾ, ನೆವಾಡ, ನ್ಯೂಯಾರ್ಕ್ ಅಂತ ಕೆಲವೇ ಹೆಸರು ಜಾಸ್ತಿ ಕೇಳುತ್ತವೆ. ನಾರ್ತ್ ಡಕೋಟಾ ತುಂಬಾ ಅಪರೂಪ. ಯಾಕೆ ಅಂತ ತಿಳಿಯಬೇಕಾದರೆ ದುಡ್ಡಿನ ದಾರಿ ಹಿಡಿಯಬೇಕು.

ಹೋಟೆಲ್ ರೂಮ್ ಸಂತೆಯ ಸೊಪ್ಪಿನ ಹಾಗೆ. ಇವತ್ತು ಖಾಲಿ ಉಳಿದದ್ದನ್ನು ನಾಳೆ ಮಾರೋಕೆ ಆಗಲ್ಲ. ಅದನ್ನು ಶೋಗೆ ಕೊಟ್ಟರೆ ಹೋಟೆಲಿನ ಹೆಸರು, ಚಿತ್ರ ಲಕ್ಷಾಂತರ ಮನೆಗಳಲ್ಲಿ ಕಾಣುತ್ತದೆ. ಶೋಗೆ ಬಹುಮಾನದ ಖರ್ಚು ತಗ್ಗುತ್ತದೆ. ಇದು ಸುಮ್ನೆ ಗುಟ್ಟಾಗಿ ಮಾಡುವ ವ್ಯವಹಾರವಲ್ಲ. 1950ರ ದಶಕದ ಕೊನೆಯಲ್ಲಿ 'ಟ್ವೆಂಟಿ ಒನ್' ಕ್ವಿಜ್‌ನ ಮೋಸ ಬಯಲಾಯಿತು. ರೇಡಿಯೋದಲ್ಲಿ ಹಾಡು ಹಾಕಲು ಲಂಚ ಪಡೆದ ಹಗರಣವೂ ಅದೇ ಹೊತ್ತಿನದು. 1960ರಲ್ಲಿ ಕಾನೂನು ಬಿಗಿಯಾಯಿತು: ಯಾರಿಂದ ಏನು ಪಡೆದೆವು ಅಂತ ಶೋ ಹೇಳಲೇಬೇಕು. ಶೋ ಮುಗಿಯುವಾಗ ಯಾರು ಏನು ಕೊಟ್ಟರು ಅಂತ ಸರಸರ ಓದುತ್ತಾರಲ್ವಾ, ಅದರ ಹಿಂದೆ ಇರುವುದು ಈ ನಿಯಮವೇ. ಆ ಸಾಲನ್ನು ತಪ್ಪದೆ ಕೇಳಿಸಿಕೊಳ್ಳಿ. ನನಗಂತೂ ಇಡೀ ಶೋದಲ್ಲಿ ಹೆಚ್ಚು ಕಲಿಸಿದ್ದು ಅದು.

ಇನ್ನು ದೂರದ ಮಾತು. 'ಪ್ರೈಸ್ ಈಸ್ ರೈಟ್' ಆಗಲಿ, 'ವೀಲ್ ಆಫ್ ಫಾರ್ಚೂನ್' ಎಂಬ ಇನ್ನೊಂದು ಗೇಮ್ ಶೋ ಆಗಲಿ, ಚಿತ್ರೀಕರಣ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಸುತ್ತಮುತ್ತ. ಹೊನೊಲುಲು ಅಲ್ಲಿಂದ ಸುಮಾರು 4,100 ಕಿ.ಮೀ., ವಿಮಾನದಲ್ಲಿ ಐದಾರು ಗಂಟೆ. ಸಮುದ್ರ ದಾಟಿ ಹೋದ ಖುಷಿ ಸಿಗುತ್ತದೆ. ಅಮೆರಿಕದವರಿಗೆ ಪಾಸ್‌ಪೋರ್ಟೂ ಬೇಡ, ಡಾಲರ್ ಬದಲಿಸುವುದೂ ಬೇಡ. ವರ್ಷವಿಡೀ ಹವೆ ಹಿತವಾಗಿರುತ್ತದೆ. 1959ರ ಆಗಸ್ಟ್ 21ರಂದು ಹವಾಯಿ 50ನೇ ರಾಜ್ಯವಾಯಿತು. ಅದೇ ವರ್ಷ ಅಲ್ಲಿಗೆ ಜೆಟ್ ವಿಮಾನಗಳೂ ಬಂದವು. ಅದಕ್ಕೂ ಮುಂಚೆ ಇಷ್ಟು ಸಲೀಸಾಗಿ ಹೋಗಿಬರುವ ಊರಾಗಿರಲಿಲ್ಲ ಅದು. 'ವೀಲ್ ಆಫ್ ಫಾರ್ಚೂನ್' ತಂಡವೇ ಕೆಲವು ಸಲ ಅಲ್ಲಿಗೆ ಹೋಗಿ ಚಿತ್ರೀಕರಣ ಮಾಡಿದೆ.

ನೆವಾಡದ ಲಾಸ್ ವೇಗಸ್‌ನ ಲೆಕ್ಕ ಸುಲಭ: ರೂಮ್ ಪುಕ್ಕಟೆ ಕೊಟ್ಟರೂ ಅತಿಥಿ ಕ್ಯಾಸಿನೋದಲ್ಲಿ ಖರ್ಚು ಮಾಡುತ್ತಾನೆ. ಫ್ಲಾರಿಡಾಕ್ಕೆ ಆರ್ಲ್ಯಾಂಡೋ ಬಲ. ಅಲ್ಲಿನ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ತೆರೆಯಿತು.

ಅಲಾಸ್ಕಾ ಬಂದರೆ ಹೆಚ್ಚಾಗಿ ಕ್ರೂಸ್, ಅಂದರೆ ಹಡಗಿನ ವಿಹಾರ. ಇಲ್ಲೊಂದು ಸೊಗಸಾದ ತಿರುವು ಇದೆ. 1886ರ ಅಮೆರಿಕದ ಕಾನೂನಿನಂತೆ ವಿದೇಶಿ ಧ್ವಜದ ಹಡಗು ಒಂದು ಅಮೆರಿಕನ್ ಬಂದರಿನಿಂದ ಇನ್ನೊಂದಕ್ಕೆ ಸುಮ್ಮನೆ ಜನರನ್ನು ಒಯ್ಯುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ವಿದೇಶಿ ಧ್ವಜದವು. ಹಾಗಾಗಿ ಸಿಯಾಟಲ್‌ನಿಂದ ಹೊರಟ ಹಡಗು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ನಿಂತು ಬರುತ್ತದೆ.

ಮೊಂಟಾನಾದ ಗ್ಲೇಸಿಯರ್ ಪಾರ್ಕ್ ಯಾವ ಕಡಲತೀರಕ್ಕೂ ಕಡಿಮೆಯಿಲ್ಲ. ಆದರೆ ಹಿಮದಿಂದ ಅದರ ಮುಖ್ಯ ಬೆಟ್ಟದ ರಸ್ತೆ ಪೂರ್ತಿ ತೆರೆಯುವುದು ಸಾಮಾನ್ಯವಾಗಿ ಜೂನ್ ಕೊನೆ ಇಲ್ಲವೇ ಜುಲೈಗೆ. ಗೆದ್ದವರು ಯಾವ ತಿಂಗಳಲ್ಲಿ ಹೋಗುತ್ತಾರೋ ಗೊತ್ತಿರಲ್ಲ. ಅಂಥ ಜಾಗಕ್ಕೆ ಟಿಕೆಟ್ ಕೊಡುವುದು ಕಷ್ಟ. ಅಂದ ಇದ್ದೂ ಪಟ್ಟಿಯಿಂದ ಹೊರಗುಳಿಯುವ ಇಂಥ ರಾಜ್ಯಗಳನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು.

ಎಣಿಸುವಾಗ ಒಂದು ಎಚ್ಚರ: ಪೋರ್ಟೊ ರಿಕೊ ಬಹುಮಾನವಾಗಿ ಬಂದರೆ ರಾಜ್ಯದ ಲೆಕ್ಕಕ್ಕೆ ಸೇರಿಸಬೇಡಿ. ಅದು ಅಮೆರಿಕದ ಪ್ರದೇಶ, ರಾಜ್ಯವಲ್ಲ.

ಕೊನೆಗೆ ತೆರಿಗೆ. ಪ್ರವಾಸದ ಬೆಲೆಯೂ ಆದಾಯವೇ. 8,000 ಡಾಲರ್‌ನ ಹವಾಯಿ ಪ್ರವಾಸ ಗೆದ್ದವರು 22% ಹಂತದಲ್ಲಿದ್ದರೆ ಕೇಂದ್ರಕ್ಕೇ 1,760 ಡಾಲರ್. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಆದರೂ ಅಲ್ಲಿಂದ ಬಂದು ಗೆದ್ದವರಿಂದ ಕ್ಯಾಲಿಫೋರ್ನಿಯಾ 7%, ಅಂದರೆ 560 ಡಾಲರ್ ಮುಂಗಡವಾಗಿ ಹಿಡಿಯುತ್ತದೆ. ಗೆದ್ದದ್ದು ಅಲ್ಲಿ ತಾನೇ! ಕೈಯಲ್ಲಿ ಅಷ್ಟು ಹಣ ಇಲ್ಲದವರು ಪ್ರವಾಸವನ್ನೇ ಬಿಟ್ಟುಕೊಡಬಹುದು. ಆಗ ತೆರಿಗೆಯೂ ಇಲ್ಲ.