ಹೂಳಿಗೂ ದಾರಿ ಬೇಕು

ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳು ಸೇರಿ ಬಂಗಾಳ ಕೊಲ್ಲಿಯ ತಲೆಯಲ್ಲಿ ಕಟ್ಟಿರುವ ಮುಖಜಭೂಮಿ ಜಗತ್ತಿನಲ್ಲೇ ಅತಿ ದೊಡ್ಡದು. ವಿಸ್ತಾರ ಸುಮಾರು 1 ಲಕ್ಷ ಚದರ ಕಿಲೋಮೀಟರ್. ‘ಕಟ್ಟಿರುವ’ ಎಂದದ್ದು ಅಲಂಕಾರಕ್ಕಲ್ಲ. ಈ ನದಿಗಳು ವರ್ಷಕ್ಕೆ ಹೆಚ್ಚುಕಡಿಮೆ 100 ಕೋಟಿ ಟನ್ ಹೂಳು ಹೊತ್ತು ತರುತ್ತವೆ. ನೀರು ದಡ ಮೀರಿದಾಗಲೆಲ್ಲ ಅದರಲ್ಲೊಂದು ಪಾಲು ನೆಲದ ಮೇಲೆ ತೆಳುವಾಗಿ ಕೂರುತ್ತದೆ. ಮೆಕ್ಕಲು ಮಣ್ಣು ತನ್ನ ಭಾರಕ್ಕೆ ತಾನೇ ಅಮುಕಿಕೊಂಡು ಇಳಿಯುತ್ತಿರುತ್ತದೆ. ಆ ಇಳಿತವನ್ನು ಹೊಸ ಹೂಳು ತುಂಬಿಕೊಡುತ್ತದೆ. ಎಂದರೆ ನಾವು ಹೆದರುವ ಪ್ರವಾಹವೇ ಈ ನೆಲದ ತಾಯಿ.

1960ರ ದಶಕದಲ್ಲಿ, ಇಂದಿನ ಬಾಂಗ್ಲಾದೇಶದ ಕರಾವಳಿಯಲ್ಲಿ, ಡಚ್ಚರ ಮಾದರಿಯಂತೆ ಊರು ಗದ್ದೆಗಳ ಸುತ್ತ ಮಣ್ಣಿನ ಏರಿ ಹಾಕುವ ಕೆಲಸ ಶುರುವಾಯಿತು. ಇಂಥ ಆವರಣಗಳಿಗೆ ಪೋಲ್ಡರ್ ಎಂದು ಹೆಸರು. ಈಗ ಅವು 139 ಇವೆ. ಉಪ್ಪುನೀರು ನಿಂತಿತು, ಭತ್ತ ಬೆಳೆಯಿತು. ಆದರೆ ನೀರಿನ ಜೊತೆ ಹೂಳೂ ಹೊರಗೇ ಉಳಿಯಿತು. ಸುಂದರಬನಕ್ಕೆ ಅಂಟಿಕೊಂಡಿರುವ 32ನೇ ಪೋಲ್ಡರ್‌ನ ನೆಲ ಐವತ್ತು ವರ್ಷಗಳಲ್ಲಿ ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗಿಂತ 1ರಿಂದ 1.5 ಮೀಟರ್ ತಗ್ಗಿಗೆ ಹೋಗಿತ್ತು. 2009ರ ಮೇ ತಿಂಗಳಲ್ಲಿ ಐಲಾ ಚಂಡಮಾರುತ ಏರಿಯನ್ನು ಒಡೆದಾಗ ಒಳನುಗ್ಗಿದ ನೀರು ಸುಮಾರು ಎರಡು ವರ್ಷ ದಿನದಿನವೂ ಉಬ್ಬರದೊಂದಿಗೆ ಬರುತ್ತಲೇ ಇತ್ತು. ಜನರ ಪಾಡು ಹೇಳತೀರದು. ಆದರೂ ಅದೇ ಅವಧಿಯಲ್ಲಿ ನೆಲದ ಮೇಲೆ ಹತ್ತಾರು ಸೆಂಟಿಮೀಟರ್ ಹೂಳು ಕೂತಿತ್ತು.

ಈ ಪಾಠವನ್ನು ಖುಲ್ನಾ–ಜೆಸ್ಸೋರ್ ಭಾಗದ ರೈತರು ಮೊದಲೇ ಕಲಿತಿದ್ದರು. ಅಲ್ಲಿನ ಹರಿ ನದಿಗೆ ಹೂಳು ಚೆಲ್ಲಲು ಬಯಲಿಲ್ಲದಂತಾಗಿ, ಹೂಳೆಲ್ಲ ನದಿಯ ತಳದಲ್ಲೇ ಕೂತು ತೂಬುಗಳು ಮುಚ್ಚಿಹೋದವು. ಮಳೆನೀರು ಹೊರಗೆ ಹೋಗಲಾರದೆ ಗದ್ದೆ, ಮನೆ, ಶಾಲೆಗಳಲ್ಲಿ ತಿಂಗಳುಗಟ್ಟಲೆ ನಿಂತಿತು. 1997ರಲ್ಲಿ ಊರವರೇ ಬೀಲ್ ಭೈನಾ ಎಂಬ ತಗ್ಗು ಬಯಲಿನ ಏರಿಯನ್ನು ಕಡಿದರು. ಉಬ್ಬರದಲ್ಲಿ ಕೆಸರುನೀರು ಬಯಲಿಗೆ ಹರಿದು, ಹೊರಳುವ ಮುನ್ನ ನಿಂತು, ಹೂಳನ್ನು ಕೆಳಗಿಳಿಸುತ್ತಿತ್ತು. ಇಳಿತದಲ್ಲಿ ಅಷ್ಟೂ ನೀರು ಒಮ್ಮೆಗೇ ಹಿಂದಿರುಗುವಾಗ ನದಿಯ ತಳವನ್ನು ಕೆರೆದು ಆಳ ಮಾಡುತ್ತಿತ್ತು. ದಿನಕ್ಕೆರಡು ಬಾರಿ, ಯಂತ್ರವಿಲ್ಲದೆ! ಕೆಲವೇ ವರ್ಷಗಳಲ್ಲಿ ಬಯಲು ಎತ್ತರವಾಯಿತು, ನದಿ ಆಳವಾಯಿತು. ನೀರಾವರಿ ಎಂಜಿನಿಯರಿಂಗ್‌ನಲ್ಲಿ ಇದಕ್ಕಿಂತ ಚೆಲುವಾದ ಉಪಾಯವನ್ನು ನಾನು ಕಂಡಿಲ್ಲ.

ಹವಾಮಾನ ಬದಲಾವಣೆಯ ದಿನಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. 2006ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ ವರ್ಷಕ್ಕೆ 3.7 ಮಿಲಿಮೀಟರ್ ಏರಿದೆ. ಏರಿಕೆಯ ವೇಗವೂ ಹೆಚ್ಚುತ್ತಿದೆ. ಮುಖಜಭೂಮಿಯಲ್ಲಿ ಲೆಕ್ಕಕ್ಕೆ ಬರುವುದು ಸಮುದ್ರದ ಏರಿಕೆ ಮತ್ತು ನೆಲದ ಇಳಿತ ಎರಡರ ಮೊತ್ತ. ಅದಕ್ಕೆ ಪ್ರತಿಯಾಗಿ ಏರಿಯನ್ನಷ್ಟೇ ಎತ್ತರಿಸುತ್ತ ಹೋದರೆ ಒಳಗಿನ ತಗ್ಗು ಇನ್ನಷ್ಟು ಆಳವಾಗುತ್ತದೆ, ಏರಿ ಒಡೆದ ದಿನ ಅನಾಹುತ ದೊಡ್ಡದಾಗುತ್ತದೆ. ಹಾಗೆಂದು ಏರಿಗಳು ಬೇಡವೆಂದಲ್ಲ, ಮುನ್ಸೂಚನೆ ಮತ್ತು ಆಶ್ರಯತಾಣಗಳೂ ಬೇಕೇಬೇಕು. 1970ರ ಭೋಲಾ ಚಂಡಮಾರುತಕ್ಕೆ ಬಲಿಯಾದವರು ಕನಿಷ್ಠ 3 ಲಕ್ಷ. 2020ರ ಆಂಫನ್ ಬರುವ ಮುನ್ನ ಬಾಂಗ್ಲಾದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಿತು, ಅಲ್ಲಿ ಸತ್ತವರ ಸಂಖ್ಯೆ ನೂರರೊಳಗೆ ನಿಂತಿತು.

ಆದರೆ ನೀರು ಬಿಡುವುದು ಯಾರ ಹೊಲಕ್ಕೆ? ಸರಕಾರ ಈ ವಿಧಾನವನ್ನು ಕೈಗೆತ್ತಿಕೊಂಡು 2006ರಲ್ಲಿ ಪೂರ್ವ ಬೀಲ್ ಖುಕ್ಷಿಯಾದಲ್ಲಿ ಜಾರಿಗೆ ತಂದಾಗ ವರ್ಷಗಟ್ಟಲೆ ಬೆಳೆ ಕಳೆದುಕೊಂಡ ಅನೇಕರಿಗೆ ಪರಿಹಾರ ಸರಿಯಾಗಿ ತಲುಪಲಿಲ್ಲ. ಜಮೀನಿನ ದಾಖಲೆ ಸರಿಯಿಲ್ಲದವರು ಕಾಗದಪತ್ರಗಳಲ್ಲೇ ಸಿಕ್ಕಿಬಿದ್ದರು. ಮುಂದಿನ ಸರದಿ ಬೀಲ್ ಕಪಾಲಿಯಾದ್ದು. 2012ರಲ್ಲಿ ಅಲ್ಲಿನ ರೈತರು ತೀವ್ರವಾಗಿ ವಿರೋಧಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ. ಹೂಳಿಗೆ ಇನ್ನೊಂದು ಪಕ್ಷಪಾತವೂ ಇದೆ: ಏರಿ ಕಡಿದ ಬಾಯಿಯ ಹತ್ತಿರ ಅದು ದಪ್ಪಗೆ ಕೂರುತ್ತದೆ, ಬಯಲಿನ ಆಚೆ ಅಂಚಿಗೆ ತಲುಪುವಷ್ಟರಲ್ಲಿ ನೀರು ತಿಳಿಯಾಗಿರುತ್ತದೆ. ಅಲ್ಲಿ ಹೊಲವಿದ್ದವನಿಗೆ ಬೆಳೆಯೂ ಹೋಯಿತು, ಮಣ್ಣೂ ಸಿಗಲಿಲ್ಲ. ಬಾಯಿಯ ಜಾಗವನ್ನು ಆಗಾಗ ಬದಲಿಸಿ ಹೂಳನ್ನು ಸಮನಾಗಿ ಹರಡಿಸಬಹುದು. ಪರಿಹಾರದ ಹಣವಂತೂ ಏರಿ ಕಡಿಯುವ ಮೊದಲೇ ರೈತನ ಕೈ ಸೇರಬೇಕು. ಗೇಣಿಗೆ ಉಳುವವನಿಗೂ, ಆ ಬಯಲಲ್ಲಿ ಕೂಲಿ ಮಾಡುವವಳಿಗೂ.