ಮನೆ ಮಾರುವ ಹೊತ್ತಿಗೇ ಸೊಂಟ ಹಿಡಿದುಕೊಂಡರೆ ಏನು ಮಾಡೋದು?

ಪ್ರಶ್ನೆ: ಮನೆ ಮಾರೋಣ ಅಂತ ತೀರ್ಮಾನಿಸಿ ಸಾಮಾನು ಖಾಲಿ ಮಾಡೋಕೆ ಶುರು ಮಾಡಿದ್ದೆವು. ಪುಸ್ತಕದ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಒಂದು ವಾರ ಮಲಗಿದ್ದೆ, ಈಗ ನೋವು ಸುಮಾರು ಇಳಿದಿದೆ. ಫೋಟೋ ತೆಗೆಯುವವರು ಬರುವ ದಿನ ಹತ್ತಿರ ಬಂತು. ಅರ್ಧ ಮನೆ ಇನ್ನೂ ಹಾಗೇ ಇದೆ. ಕೆಲಸ ಮುಂದುವರಿಸಬಹುದಾ? ಇಲ್ಲ ಮಾರಾಟವನ್ನೇ ಮುಂದೂಡಬೇಕಾ?

ಉತ್ತರ: ಮಾರಾಟ ನಿಲ್ಲಿಸಬೇಕಾಗಿಲ್ಲ. ಕೆಲಸದಲ್ಲಿ ನಿಮ್ಮ ಪಾಲು ಮಾತ್ರ ಬದಲಾಗಬೇಕು. ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ಹೇಳುವುದು ನಿಮ್ಮ ಕೆಲಸ. ಎತ್ತುವುದು, ಎಳೆಯುವುದು, ಏಣಿ ಹತ್ತುವುದು ಇನ್ನು ಕೆಲವು ವಾರ ಬೇರೆಯವರ ಕೆಲಸ. ಅಷ್ಟೂ ಆಗದಿದ್ದರೆ ಫೋಟೋದ ದಿನವನ್ನು ಮುಂದಕ್ಕೆ ಹಾಕಿ. ಆ ದಿನ ಒಂದು ಫೋನ್ ಕರೆಯಲ್ಲಿ ಬದಲಾಗುತ್ತದೆ. ಸೊಂಟ ಹಾಗೆ ಬದಲಾಗುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಕಳವಳ ತಂದದ್ದು ‘ನೋವು ಸುಮಾರು ಇಳಿದಿದೆ’ ಅನ್ನುವ ಮಾತು. ನೋವು ಮೊದಲು ಹೋಗುತ್ತದೆ, ಬಲ ಆಮೇಲೆ ಬರುತ್ತದೆ. ಈ ಎರಡರ ನಡುವಿನ ವಾರಗಳಲ್ಲೇ ಜನ ಮತ್ತೆ ಪೆಟ್ಟು ಮಾಡಿಕೊಳ್ಳೋದು. ಸ್ನಾಯು ಅಥವಾ ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜು ಹರಿದಾಗ ಮೊದಲ ಕೆಲವು ದಿನ ಊತ, ಉರಿ ಇರುತ್ತದೆ. ಆಮೇಲಿನ ಎರಡು ಮೂರು ವಾರ ದೇಹ ಆ ಜಾಗಕ್ಕೆ ಹೊಸ ನಾರು ತುಂಬುತ್ತದೆ. ಕೊಲಾಜೆನ್ ಎನ್ನುವ ಈ ನಾರು ಅವಸರದಲ್ಲಿ ಅಡ್ಡಾದಿಡ್ಡಿಯಾಗಿ ಕೂತಿರುತ್ತದೆ. ಭಾರ ಬೀಳುವ ದಿಕ್ಕಿಗೆ ಅದು ಹೊಂದಿಕೊಂಡು ಗಟ್ಟಿಯಾಗಲು ತಿಂಗಳುಗಳೇ ಬೇಕು. ಆದರೆ ಊತ ಇಳಿದ ಕೂಡಲೇ ನೋವು ಅರ್ಧ ಕಡಿಮೆಯಾಗುತ್ತದೆ. ‘ಸರಿ ಹೋಯ್ತು’ ಅನಿಸುತ್ತದೆ. ಅದೇ ಹೊತ್ತಿಗೆ ಮನೆ ನೋಡುವವರು ಫೋನ್ ಮಾಡಲು ಶುರು ಮಾಡಿರುತ್ತಾರೆ. ಅವಸರ ಜಾಸ್ತಿ ಆಗುವುದೂ ಆಗಲೇ.

ಸೊಂಟನೋವಿನಲ್ಲಿ ಯಾವ ಭಾಗಕ್ಕೆ ಪೆಟ್ಟಾಗಿದೆ ಅಂತ ವೈದ್ಯರಿಗೂ ಬಹಳ ಸಲ ಖಚಿತವಾಗಿ ಹೇಳಲು ಆಗುವುದಿಲ್ಲ. ಅದಕ್ಕೆ ಹೆದರಬೇಕಾಗಿಲ್ಲ. ಹೀಗೆ ದಿಢೀರನೆ ಬಂದ ಸೊಂಟನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ಚೆನ್ನಾಗಿ ಇಳಿಯುತ್ತದೆ. ಆದರೆ ಕೆಲವು ಲಕ್ಷಣಗಳು ಕಂಡರೆ ಮನೆ, ಮಾರಾಟ ಎಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಬೇಕು. ತೊಡೆಸಂದಿ ಮತ್ತು ಗುದದ ಸುತ್ತ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಾಗದೆ ಹೋಗುವುದು, ಎರಡೂ ಕಾಲು ಬಲ ಕಳೆದುಕೊಳ್ಳುವುದು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ಅಲ್ಲಿ ತಡವಾದ ಒಂದೊಂದು ಗಂಟೆಗೂ ಬೆಲೆ ಇದೆ. ಸೊಂಟನೋವಿನ ಜೊತೆ ಜ್ವರ ಬಂದರೆ ಅಥವಾ ಬಿದ್ದ ಮೇಲೆ ನೋವು ಶುರುವಾಗಿದ್ದರೆ ಅದನ್ನೂ ಕಾಯುತ್ತಾ ಕೂರಬೇಡಿ.

ಇನ್ನು ಮಲಗುವ ವಿಷಯ. ಒಂದು ವಾರ ಮಲಗಿದ್ದೆ ಅಂದಿರಿ. ಹಿಂದೆಲ್ಲ ಹಾಗೇ ಹೇಳುತ್ತಿದ್ದರು. ಈಗ ವೈದ್ಯರು ಒಂದೆರಡು ದಿನಕ್ಕಿಂತ ಜಾಸ್ತಿ ಮಲಗಬೇಡಿ ಅನ್ನುತ್ತಾರೆ. ಮಲಗಿದಷ್ಟೂ ಸ್ನಾಯು ಸೊರಗುತ್ತದೆ, ಬಿಗಿ ಹೆಚ್ಚುತ್ತದೆ. ಓಡಾಡಿ. ಕೋಣೆಯಿಂದ ಕೋಣೆಗೆ ನಡೆಯಿರಿ. ಹಗುರವಾದ ಕೆಲಸ ಮಾಡಿ. ಹಾಗಂತ ಸುಮ್ನೆ ನೋವು ಸಹಿಸಿಕೊಂಡು ದುಡಿಯಿರಿ ಅಂತಲ್ಲ. ಕೆಲಸ ಮಾಡುವಾಗ ಸ್ವಲ್ಪ ನೋವಾಗಿ ರಾತ್ರಿ ಹೊತ್ತಿಗೆ ಇಳಿದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಹಿಂದಿನ ದಿನಕ್ಕಿಂತ ಜಾಸ್ತಿ ಇದ್ದರೆ ನಿನ್ನೆಯ ಕೆಲಸ ಹೆಚ್ಚಾಯಿತು ಅಂತ ಅರ್ಥ. ಅವತ್ತು ಅದರ ಅರ್ಧದಷ್ಟು ಮಾಡಿ. ಬೆಳಿಗ್ಗೆಯ ಹೊತ್ತಂತೂ ಬಗ್ಗುವ ಕೆಲಸ ಬೇಡ. ರಾತ್ರಿಯಿಡೀ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಸಂಜೆಗಿಂತ ತುಂಬಾ ಹೆಚ್ಚು. ಕೆಳಗಿನ ಡ್ರಾಯರ್, ಮಂಚದ ಅಡಿ, ನೆಲ ಒರೆಸುವುದು ಯಾವುದನ್ನೂ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ.

ಎಷ್ಟು ಭಾರ ಎತ್ತಬಹುದು ಅಂತ ಎಲ್ಲರೂ ಕೇಳುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ. ಅಮೆರಿಕದಲ್ಲಿ ಕೆಲಸದ ಸುರಕ್ಷತೆಯ ಬಗ್ಗೆ ಸಂಶೋಧನೆ ಮಾಡುವ ನಿಯೋಶ್ ಎಂಬ ಸರ್ಕಾರಿ ಸಂಸ್ಥೆ 1990ರ ದಶಕದಲ್ಲಿ ಭಾರ ಎತ್ತುವುದಕ್ಕೆ ಒಂದು ಸೂತ್ರ ಕೊಟ್ಟಿತು. ಎಲ್ಲವೂ ಅನುಕೂಲವಾಗಿದ್ದಾಗ ಅದರ ಮಿತಿ 23 ಕಿಲೋ. ಅನುಕೂಲ ಅಂದರೆ ಪೆಟ್ಟಿಗೆ ಮೈಗೆ ಅಂಟಿಕೊಂಡಿರಬೇಕು, ಹೆಚ್ಚುಕಡಿಮೆ ತೊಡೆಯ ಎತ್ತರದಲ್ಲಿರಬೇಕು, ಸೊಂಟ ತಿರುಗಿಸಬಾರದು. ಕೈ ಸ್ವಲ್ಪ ಮುಂದೆ ಹೋಗಿ ಪಾದದ ಕೀಲಿಗೂ ಕೈಗೂ 50 ಸೆಂಟಿಮೀಟರ್ ಅಂತರ ಆಯಿತು ಅನ್ನಿ, ಮಿತಿ ಅರ್ಧಕ್ಕೆ ಇಳಿಯುತ್ತದೆ, ಅಂದರೆ ಹನ್ನೊಂದೂವರೆ ಕಿಲೋ. ಅಷ್ಟೇ ಅಂತರದಲ್ಲಿ ಪೆಟ್ಟಿಗೆ ನೆಲದ ಮೇಲೂ ಇದ್ದರೆ 9 ಕಿಲೋಗೂ ಕಡಿಮೆ. ಅದನ್ನು ಎತ್ತಿ ಪಕ್ಕಕ್ಕೆ ತಿರುಗಿ ಇಟ್ಟರೆ ಇನ್ನೂ ಕಡಿಮೆ. ಇದೆಲ್ಲ ಆರೋಗ್ಯವಾಗಿರುವ ಕೆಲಸಗಾರರಿಗೆ ಹೇಳಿದ್ದು, ನೆನಪಿಡಿ. ಕಪಾಟಿನ ಮೂಲೆಯಲ್ಲಿ ನೆಲದ ಮೇಲಿರುವ ಪುಸ್ತಕದ ಪೆಟ್ಟಿಗೆಯನ್ನು ಬಗ್ಗಿ, ಕೈ ಚಾಚಿ, ತಿರುಗಿ ಎತ್ತುವಾಗ ಆಗುವುದು ಇದೇ. ನಿಮ್ಮ ಸೊಂಟ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಹಾಗಾಗಿ ಕಿಲೋ ಎಷ್ಟು ಅನ್ನೋದಕ್ಕಿಂತ ವಸ್ತು ಎಲ್ಲಿದೆ ಅನ್ನೋದು ಮುಖ್ಯ. ನೆಲದ ಮೇಲಿರುವುದನ್ನೆಲ್ಲ ಬೇರೆ ಯಾರಾದರೂ ಮೇಜಿನ ಮೇಲೆ ತಂದಿಡಲಿ. ನೀವು ಮೇಜಿನ ಮುಂದೆ ನಿಂತು ಒಂದೊಂದೇ ಪುಸ್ತಕ, ಒಂದೊಂದೇ ಪಾತ್ರೆ ವಿಂಗಡಿಸಿ. ತುಂಬಿದ ಮೇಲೆ ಅವರೇ ಕೆಳಗಿಡಲಿ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, ಬಟ್ಟೆಗೆ ದೊಡ್ಡದು. ಪೇಂಟ್ ಡಬ್ಬದ ಬಗ್ಗೆ ವಿಶೇಷವಾಗಿ ಹೇಳಬೇಕು. ಪೇಂಟ್ ನೀರಿಗಿಂತ ಭಾರ. ತುಂಬಿದ 20 ಲೀಟರ್ ಡಬ್ಬ ಸಾಮಾನ್ಯವಾಗಿ 25 ಕಿಲೋ ದಾಟುತ್ತದೆ, ಮೇಲಾಗಿ ಅದನ್ನು ಒಂದೇ ಕೈಯಲ್ಲಿ ಹಿಡಿಯುತ್ತೇವೆ. ಮುಟ್ಟಬೇಡಿ.

ಹಾಗಾದರೆ ಕೆಲಸ ಮುಗಿಯೋದು ಹೇಗೆ? ಕೆಲಸವನ್ನೇ ಕಡಿಮೆ ಮಾಡಬೇಕು. ಮನೆ ಮಾರುವವರು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಕೊಳ್ಳುವವರ ಕಣ್ಣಿಗೆ ಬೀಳುವುದೇ ಇಲ್ಲ. ಅದು ನಮ್ಮ ಸಮಾಧಾನಕ್ಕೆ ಮಾಡುವ ಕೆಲಸ. ಅಟ್ಟದ ಮೇಲಿನ ಸಾಮಾನನ್ನು ಚೊಕ್ಕವಾಗಿ ಜೋಡಿಸುವುದು, ಕಪಾಟಿನ ಒಳಗೆ ಬಣ್ಣ ಬಳಿಯುವುದು, ಎಲ್ಲ ಕೋಣೆಗೂ ಹೊಸ ಪೇಂಟ್ ಹೊಡೆಯುವುದು, ಸವೆದ ಹಿಡಿಕೆಗಳನ್ನೆಲ್ಲ ಬದಲಿಸುವುದು. ಇವನ್ನು ಬಿಟ್ಟುಬಿಡಿ. ಕೊಳ್ಳುವವರು ಮೊದಲು ನೋಡುವುದು ಫೋಟೋ. ಆಮೇಲೆ ಮುಂಬಾಗಿಲು. ಒಳಗೆ ಬಂದ ಕೂಡಲೇ ವಾಸನೆ ಮತ್ತು ಬೆಳಕು. ನಂತರ ಅಡುಗೆಮನೆ, ಬಚ್ಚಲು. ಹೊಸ ಬಲ್ಬು, ಒರೆಸಿದ ಕಿಟಕಿ ಗಾಜು, ಖಾಲಿ ಅಡುಗೆಕಟ್ಟೆ, ತೊಳೆದ ಬಚ್ಚಲು, ತೆರೆದ ಪರದೆ ಇಷ್ಟಿದ್ದರೆ ಫೋಟೋ ಚೆನ್ನಾಗಿ ಬರುತ್ತದೆ. ಇದಕ್ಕೆಲ್ಲ ಇನ್ನೊಬ್ಬರು ಒಂದೆರಡು ದಿನ ಬಂದರೆ ಸಾಕು. ದುಡ್ಡು ಕೊಟ್ಟು ಕರೆಸುವುದಿದ್ದರೆ ನನ್ನ ಸಲಹೆ ಇಷ್ಟು: ಬಣ್ಣಕ್ಕೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಎತ್ತುವವರಿಗೆ ಮತ್ತು ತೊಳೆಯುವವರಿಗೆ ಕೊಡಿ.

ನೀರು ಸೋರುವ ಜಾಗ, ಗೋಡೆಯ ತೇವ, ಕೆಟ್ಟ ವೈರಿಂಗ್ ಇವನ್ನು ಮಾತ್ರ ಬಣ್ಣ ಬಳಿದು ಮುಚ್ಚಬೇಡಿ. ಕೊಳ್ಳುವವರ ಪರೀಕ್ಷಕರು ಹೇಗೂ ಕಂಡುಹಿಡಿಯುತ್ತಾರೆ. ಮುಚ್ಚಿಟ್ಟದ್ದು ಗೊತ್ತಾದರೆ ವ್ಯಾಪಾರವೇ ಮುರಿಯಬಹುದು, ಎಷ್ಟೋ ಕಡೆ ಕೋರ್ಟಿಗೂ ಹೋಗುತ್ತದೆ. ರಿಪೇರಿ ಮಾಡಿಸುವ ಶಕ್ತಿ ಈಗ ಇಲ್ಲ ಅಂದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೆಲೆಯಲ್ಲಿ ಹೊಂದಿಸಿಕೊಳ್ಳಿ.

ಕೂತು ಮಾಡುವ ಕೆಲಸವೂ ಬೇಕಾದಷ್ಟಿದೆ, ಇದು ನಿಜವಾಗಲೂ ನೀವೇ ಮಾಡಬೇಕಾದದ್ದು. ಮನೆಯ ಪತ್ರಗಳು, ತೆರಿಗೆ ರಸೀದಿ, ಸಾಲದ ಕಾಗದ, ರಿಪೇರಿ ಬಿಲ್ಲು ಎಲ್ಲ ಒಂದು ಕಡೆ ಸೇರಿಸಿ. ಬಣ್ಣಬಣ್ಣದ ಚೀಟಿ ತಂದು ಒಂದು ಬಣ್ಣ ‘ಜೊತೆಗೆ ಬರುತ್ತೆ’, ಇನ್ನೊಂದು ‘ಕೊಡೋದು’, ಮತ್ತೊಂದು ‘ಎಸೆಯೋದು’ ಅಂತ ಇಟ್ಟುಕೊಳ್ಳಿ. ದಿನಕ್ಕೊಂದು ಕೋಣೆಗೆ ಹೋಗಿ ಅಂಟಿಸುತ್ತಾ ಬನ್ನಿ. ಸಹಾಯಕ್ಕೆ ಬಂದವರು ಪ್ರತಿ ಸಾಮಾನಿಗೂ ‘ಇದೇನು ಮಾಡೋದು’ ಅಂತ ಕೇಳುವ ಹಾಗಿರುವುದಿಲ್ಲ, ಅವರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಆದರೆ ಕೂತೇ ಇರಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು ನಡೆಯಿರಿ. ಹಳೆಯ ಫೋಟೋ, ಪತ್ರಗಳ ಡಬ್ಬವನ್ನು ಈಗ ತೆರೆಯಬೇಡಿ. ತೆರೆದರೆ ಮಧ್ಯಾಹ್ನ ಪೂರ್ತಿ ನೆಲದ ಮೇಲೆ ಬಗ್ಗಿಕೊಂಡೇ ಕಳೆದುಹೋಗುತ್ತದೆ. ಅದನ್ನು ಹಾಗೇ ಕಟ್ಟಿ ಹೊಸ ಮನೆಗೆ ಕಳಿಸಿ.

ಸೊಂಟದ ಬದಲು ಕೈಯೋ ಕಾಲೋ ಆಗಿದ್ದರೆ? ಪಾದದ ಕೀಲು ಉಳುಕಿ, ನಾಲ್ಕು ಹೆಜ್ಜೆ ಕೂಡ ಊರಲು ಆಗದಿದ್ದರೆ ಅಥವಾ ಗಂಟಿನ ಮೂಳೆಯ ಹಿಂಬದಿ ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಿ. ಮಣಿಕಟ್ಟು ಮುರಿದಿದ್ದರೆ ಪ್ಲಾಸ್ಟರ್ ಸಾಮಾನ್ಯವಾಗಿ ಆರು ವಾರದ ಆಸುಪಾಸು ಇರುತ್ತದೆ, ಬಿಚ್ಚಿದ ಮೇಲೂ ಹಿಡಿತ ಬರಲು ಸಮಯ ಬೇಕು. ಇಲ್ಲಿ ಬಹಳ ಜನ ಮರೆಯುವ ಒಂದು ವಿಷಯ ಇದೆ: ಸಹಿ. ಬರೆಯುವ ಕೈಗೇ ಪ್ಲಾಸ್ಟರ್ ಹಾಕಿದ್ದರೆ ನಿಮ್ಮ ಸಹಿ ಬ್ಯಾಂಕಿನಲ್ಲಿ ಇರುವ ಸಹಿಗೆ ಹೊಂದುವುದಿಲ್ಲ. ಒಪ್ಪಂದದ ದಿನ ಗಾಬರಿಯಾಗುವ ಬದಲು ವಕೀಲರಿಗೂ ಬ್ಯಾಂಕಿಗೂ ಮೊದಲೇ ತಿಳಿಸಿ. ಸಾಕ್ಷಿಗಳ ಮುಂದೆ ಸಹಿ ಹಾಕುವುದೋ, ಹೆಬ್ಬೆಟ್ಟೋ, ಪವರ್ ಆಫ್ ಅಟಾರ್ನಿಯೋ, ನಿಮ್ಮಲ್ಲಿನ ಕಾನೂನು ಏನು ಒಪ್ಪುತ್ತದೆ ಅಂತ ಅವರು ಹೇಳುತ್ತಾರೆ. ಎಲ್ಲಕ್ಕೂ ಕೆಲವು ದಿನ ಹಿಡಿಯುತ್ತದೆ.

ಮಾತ್ರೆ ತೆಗೆದುಕೊಂಡು ಏಣಿ ಹತ್ತುವುದು ಬೇಡವೇ ಬೇಡ. ಸ್ನಾಯು ಸಡಿಲಿಸುವ ಮಾತ್ರೆಗಳು ತೂಕಡಿಕೆ ತರುತ್ತವೆ. ನೋವಿನ ಮಾತ್ರೆ ಇನ್ನೊಂದು ರೀತಿಯಲ್ಲಿ ಮೋಸ ಮಾಡುತ್ತದೆ, ‘ಸಾಕು, ನಿಲ್ಲಿಸು’ ಅಂತ ದೇಹ ಹೇಳುವುದು ಕೇಳಿಸದ ಹಾಗೆ ಮಾಡುತ್ತದೆ. ನಿದ್ದೆ ಬರಲಿ, ಸ್ವಲ್ಪ ನಡೆಯಲು ಆಗಲಿ ಅಂತ ತೆಗೆದುಕೊಳ್ಳಿ. ಪೆಟ್ಟಿಗೆ ಎತ್ತೋಕೆ ಅಂತ ತೆಗೆದುಕೊಳ್ಳಬೇಡಿ. ನೋವಿಗೆ ತೆಗೆದುಕೊಳ್ಳುವ ಪ್ಯಾರಾಸಿಟಮಾಲ್ ಎಷ್ಟೋ ಶೀತದ ಮಾತ್ರೆಗಳಲ್ಲೂ ಇರುತ್ತದೆ, ಎರಡನ್ನೂ ನುಂಗಿ ಪ್ರಮಾಣ ಮೀರಿಸಿಕೊಳ್ಳಬೇಡಿ.

ಮನೆ ನೋಡಲು ಜನ ಬರುವ ದಿನಗಳಿಗೂ ಒಂದು ಏರ್ಪಾಡು ಬೇಕು. ಪ್ರತಿ ಸಲ ಫೋನ್ ಬಂದಾಗ ಓಡಿಹೋಗಿ ಹಾಸಿಗೆ ಸರಿ ಮಾಡಿ, ಪಾತ್ರೆ ಒಳಗಿಟ್ಟು, ನೆಲ ಒರೆಸುವುದು ಸೊಂಟಕ್ಕೆ ಆಗದು. ವಾರಕ್ಕೆ ಎರಡೇ ದಿನ ಅಂತ ಏಜೆಂಟಿಗೆ ಹೇಳಿ, ಎಲ್ಲರೂ ಆ ದಿನಗಳಲ್ಲೇ ಬರಲಿ. ಆ ಹೊತ್ತಿಗೆ ನೀವು ಮನೆಯಲ್ಲಿ ಇರದಿದ್ದರೆ ಒಳ್ಳೆಯದು. ಊರುಗೋಲು, ಸೊಂಟದ ಪಟ್ಟಿ, ಎಕ್ಸ್‌ರೇ ಕವರು ಕಣ್ಣಿಗೆ ಬೀಳುವ ಕಡೆ ಇಡಬೇಡಿ. ಪೆಟ್ಟಾಗಿದೆ, ಅವಸರದಲ್ಲಿದ್ದಾರೆ ಅಂತ ಅನಿಸಿದರೆ ಕೊಳ್ಳುವವರು ಬೆಲೆ ಇಳಿಸಿ ಕೇಳುತ್ತಾರೆ. ಮಾತ್ರೆಗಳನ್ನು ಬೀಗ ಹಾಕಿಡಿ ಅಥವಾ ಜೊತೆಗೆ ಒಯ್ಯಿರಿ. ಅಪರಿಚಿತರು ಓಡಾಡುವ ಮನೆಯಲ್ಲಿ ಅವು ಕಾಣೆಯಾಗಬಹುದು.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವರ್ಷಗಟ್ಟಲೆ ಬಾಳಿದ ಮನೆಯ ಸಾಮಾನನ್ನು ಬೇರೆಯವರು ಎತ್ತಿಕೊಂಡು ಹೋಗುವುದನ್ನು ಕುರ್ಚಿಯಲ್ಲಿ ಕೂತು ನೋಡುವುದು ಕಷ್ಟ. ನಾನಿಲ್ಲಿ ಸುಮ್ಮನೆ ಕೂತಿದ್ದೇನೆ ಅನ್ನುವ ಅಳುಕೇ ಜನರನ್ನು ಮತ್ತೆ ಪೆಟ್ಟಿಗೆಗೆ ಕೈ ಹಾಕುವಂತೆ ಮಾಡುತ್ತದೆ. ಮನಸ್ಸು ಬಿಗಿಯಾಗಿದ್ದಾಗ, ನಿದ್ದೆ ಕೆಟ್ಟಾಗ ಅದೇ ಪೆಟ್ಟು ಜಾಸ್ತಿ ನೋಯುತ್ತದೆ, ಇದು ವೈದ್ಯರು ಒಪ್ಪುವ ಮಾತು. ಮನೆಯವರಿಗೆ ಬಾಯಿ ಬಿಟ್ಟು ಹೇಳಿ. ‘ಸಹಾಯ ಬೇಕಾ’ ಅಂತ ಯಾರಾದರೂ ಕೇಳಿದರೆ ‘ಪರವಾಗಿಲ್ಲ’ ಅನ್ನಬೇಡಿ, ಒಂದು ನಿರ್ದಿಷ್ಟ ಕೆಲಸ ಹೇಳಿ: ಶನಿವಾರ ಮಧ್ಯಾಹ್ನ ಬಂದು ಮಲಗುವ ಕೋಣೆಯ ಪೆಟ್ಟಿಗೆಗಳನ್ನು ಕೆಳಗಿಳಿಸಿ ಕೊಡ್ತೀರಾ? ಹಾಗೆ ಕೇಳಿದರೆ ಜನ ಬರುತ್ತಾರೆ.

ಕೆಲವು ವಾರ ಕಳೆದರೂ ನೋವು ಅಷ್ಟೇ ಇದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಹೋಗುವಾಗ ಉಳಿದ ಕೆಲಸಗಳ ಪಟ್ಟಿ ಒಯ್ಯಿರಿ. ‘ಭಾರ ಎತ್ತಬೇಡಿ’ ಅನ್ನುವ ಸಾಮಾನ್ಯ ಮಾತಿಗಿಂತ ‘ಇದು ಮಾಡಬಹುದು, ಇದು ಇನ್ನೂ ಬೇಡ’ ಅನ್ನುವ ಉತ್ತರ ಸಿಗುತ್ತದೆ. ಪಟ್ಟಿಯ ಕೊನೆಯಲ್ಲಿ ಸಾಗಿಸುವ ದಿನವನ್ನೂ ಬರೆದುಕೊಳ್ಳಿ. ಮನೆ ಮಾರಾಟ ಮುಗಿದು ಆ ದಿನ ಬರುವ ಹೊತ್ತಿಗೆ ನಿಮಗೆ ನೋವು ಪೂರ್ತಿ ಹೋಗಿರಬಹುದು. ಲಾರಿ ಬಾಗಿಲಲ್ಲಿ ನಿಂತಿರುತ್ತದೆ, ಎಲ್ಲರೂ ಎತ್ತುತ್ತಿರುತ್ತಾರೆ. ಅವತ್ತೂ ನಿಮ್ಮ ಕೈಯಲ್ಲಿ ಇರಬೇಕಾದದ್ದು ಬೀಗದ ಕೈ ಮತ್ತು ಪತ್ರಗಳ ಚೀಲ ಮಾತ್ರ. ಲಾರಿಯವರಿಗೆ ಇದನ್ನು ಬುಕ್ ಮಾಡುವಾಗಲೇ ಹೇಳಿ, ಒಬ್ಬರು ಹೆಚ್ಚಿಗೆ ಬರುತ್ತಾರೆ.